ಏಳರ ಧಾಟಿಗೆ ಎಂಟನೆಯ ಪೆಟ್ಟು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಉಜ್ಜಿದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಬಾಯಲ್ಲಿ ನೀರೂರಿಸಿ, ಅದರ ಹಿಂದೆಯೇ ಹಲ್ಲನ್ನೂ ಜುಮ್ಮೆನ್ನಿಸುವ ವಾಸನೆ ಅದು. ಈ ಶನಿವಾರ ಮಧ್ಯಾಹ್ನ ಹೂಟಗಳ್ಳಿಯ ನಮ್ಮ ಹೊಸ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಾನು ಆ ವಾಸನೆಯಲ್ಲಿ ಮೊಣಕೈವರೆಗೂ ಮುಳುಗಿದ್ದೇನೆ. ಮುಂದೆ ನಾಲ್ಕು ಹಳೆಯ ಬ್ಯೂಗಲ್ಲುಗಳು. ಎರಡು ಹೊಳೆಯುತ್ತಿವೆ, ಇನ್ನೆರಡು ಸರದಿ ಕಾಯುತ್ತಿವೆ. ಒಳಗಿನಿಂದ ಹೆಂಡತಿ, "ರೀ, ತಿಂಗಳ ಹುಣಸೆಹಣ್ಣೆಲ್ಲ ಆ ಪೀಪಿಗೇ ತಿನ್ನಿಸ್ಬಿಟ್ರಿ, ನಾಳೆ ಸಾರಿಗೆ ಏನ್ ಹಿಂಡ್ಲಿ ನಾನು?" ಎಂದು ಕೇಳುತ್ತಿದ್ದಾಳೆ. ಅವಳ ಪ್ರಶ್ನೆ ನ್ಯಾಯವಾಗಿದೆ. ನಾನು ಇನ್ನೊಂದು ಚೂರು ಹಿಂಡಿಕೊಳ್ಳುತ್ತೇನೆ.

ನಾನು ಗಣಿತದ ಮೇಷ್ಟ್ರು. ಊದುವುದಾಗಲಿ ಬಾರಿಸುವುದಾಗಲಿ ನನಗೆ ಬರುವುದಿಲ್ಲ. ಭಜನೆಯಲ್ಲಿ ನಾನು ಚಪ್ಪಾಳೆ ತಟ್ಟಿದರೆ ಅಕ್ಕಪಕ್ಕದವರ ತಾಳವೂ ತಪ್ಪುತ್ತದೆ. ಅಂಥವನು ಶನಿವಾರದ ಊಟದ ಮೇಲಿನ ನಿದ್ದೆಯನ್ನು ಬಿಟ್ಟು ಬ್ಯೂಗಲ್ ಉಜ್ಜುತ್ತ ಕೂತಿದ್ದಾನೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ. ಆ ಕಾರಣದ ಹೆಸರು ಗುರುಮಲ್ಲಪ್ಪ.

ತೊಂಬತ್ತರ ದಶಕದ ಮಾತು. ಒಂಟಿಕೊಪ್ಪಲಿನ ಒಂದು ಹೈಸ್ಕೂಲಿಗೆ ನಾನು ಹೊಸದಾಗಿ ಸೇರಿದ್ದೆ. ಯಾರಿಗೂ ಬೇಡವಾದ ಕೆಲಸಗಳನ್ನು ಹೊಸಬರ ತಲೆಗೆ ಕಟ್ಟುವುದು ಶಾಲೆಗಳಲ್ಲಿ ಲಾಗಾಯ್ತಿನಿಂದ ಬಂದ ಪದ್ಧತಿ. ನನ್ನ ತಲೆಗೆ ಬಂದದ್ದು ಬ್ಯಾಂಡಿನ ಉಸ್ತುವಾರಿ. ಮೂವತ್ತೆರಡು ಮಕ್ಕಳು, ಸೈಡ್ ಡ್ರಮ್ಮುಗಳು, ಒಂದು ದೊಡ್ಡ ಡ್ರಮ್ಮು, ಎರಡು ಜೊತೆ ತಾಳ, ಕೊಳಲು, ಬ್ಯೂಗಲ್ಲು. ಇವನ್ನೆಲ್ಲ ಕಲಿಸಲು ವಾರಕ್ಕೆ ಮೂರು ದಿನ ರಾಜೀವನಗರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದವರು ಬ್ಯಾಂಡ್ ಮಾಸ್ಟರ್ ಗುರುಮಲ್ಲಪ್ಪನವರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಸೈಕಲ್ಲಿನ ಬಾರಿಗೆ ಕಟ್ಟಿದ ಡ್ರಮ್ ಕೋಲು, ಜೇಬಿನಲ್ಲಿ ಕಾಗದ ಸುತ್ತಿದ ಹುಣಸೆಹಣ್ಣು. ಅಭ್ಯಾಸಕ್ಕೆ ಮೊದಲು ಮಕ್ಕಳು ಬ್ಯೂಗಲ್ ಉಜ್ಜಬೇಕೆಂಬುದು ಅವರ ನಿಯಮ. ನನಗಿಂತ ಮೂವತ್ತು ವರ್ಷ ದೊಡ್ಡವರು. ಆದರೂ ನನ್ನನ್ನು "ಮೇಷ್ಟ್ರೇ" ಎಂದು ಬಹುವಚನದಲ್ಲೇ ಕರೆಯುತ್ತಿದ್ದರು.

ಆ ಶಾಲೆಯಲ್ಲಿ ಸಂಜೆ ಕೊನೆಯ ಗಂಟೆ ಹೊಡೆದಾಗ ಮಕ್ಕಳೆಲ್ಲ ನಿಂತು ಒಂದು ಹಾಡು ಹೇಳಿ ಮನೆಗೆ ಹೋಗುತ್ತಿದ್ದರು. ಹಿಂದೆ ಯಾವಾಗಲೋ ಇದ್ದ ಕನ್ನಡ ಪಂಡಿತರೊಬ್ಬರು ಕಟ್ಟಿದ ಹಾಡಂತೆ. "ಗಂಟೆಯು ಬಾರಿಸಿತು ಗೆಳೆಯರೆ, ಗೂಡಿಗೆ ಹೊರಡೋಣ, ಚೀಲವ ಹೆಗಲಿಗೆ ಏರಿಸಿ, ಚಿಲಕವ ಹಾಕೋಣ." ಅಷ್ಟೇ, ಎರಡೇ ಸಾಲು. ಒಂಟಿಕೊಪ್ಪಲಿನ ಅರ್ಧ ಜನ ಆ ಶಾಲೆಯಲ್ಲೇ ಓದಿದವರಾದ್ದರಿಂದ ಆ ಸುತ್ತಿನ ತರಕಾರಿ ಅಂಗಡಿಯವರೂ ಮೂಟೆ ಇಳಿಸುತ್ತ ಅದನ್ನೇ ಗುನುಗುತ್ತಿದ್ದರು. ಗುರುಮಲ್ಲಪ್ಪನವರು ಪ್ರತಿವರ್ಷದ ಬ್ಯಾಂಡ್ ಪ್ರದರ್ಶನವನ್ನೂ ಇದೇ ಧಾಟಿಯ ಮೇಲೆ ಕಟ್ಟುತ್ತಿದ್ದರು. ಪ್ರತಿವರ್ಷ ಅಂದರೆ ಪ್ರತಿವರ್ಷ.

ಕಟ್ಟುವ ರೀತಿ ಮಾತ್ರ ಒಂದೊಂದು ವರ್ಷ ಒಂದೊಂದು. ಒಮ್ಮೆ ಮೊದಲು ಧಾಟಿಯೇ ಇಲ್ಲದೆ ಆ ಹಾಡಿನ ಪೆಟ್ಟುಗಳು ಮಾತ್ರ ಡ್ರಮ್ಮಿನಲ್ಲಿ ಕೇಳುತ್ತಿದ್ದವು. ಇನ್ನೊಮ್ಮೆ ಕೊನೆಯ ಸಾಲನ್ನು ಮೊದಲು ತಂದು, ಅದನ್ನೂ ಅರ್ಧಕ್ಕೆ ಮುರಿದು, ಉಳಿದರ್ಧವನ್ನು ಮೈದಾನದ ಆ ತುದಿಯ ಕೊಳಲಿನವರಿಗೆ ಕೊಡುತ್ತಿದ್ದರು. ಮತ್ತೊಂದು ವರ್ಷ ಎಷ್ಟು ನಿಧಾನ ಮಾಡಿದ್ದರೆಂದರೆ ಜೋಗುಳವಿರಬೇಕು ಎಂದುಕೊಂಡೆವು. ನೋಡಲು ಬಂದ ಅಪ್ಪ ಅಮ್ಮಂದಿರು ಕತ್ತು ಉದ್ದ ಮಾಡಿ ಕಾಯುತ್ತಿದ್ದರು. ಎಲ್ಲೋ ಒಂದು ತುಣುಕು ಗುರುತು ಸಿಗುತ್ತಿತ್ತು, ಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತಿದ್ದರು, ಕೊನೆಗೆ ಇಡೀ ಹಾಡು ಬಂದಾಗ ಮೈದಾನವೆಲ್ಲ ಹಾಡುತ್ತಿತ್ತು.

"ಅದೇ ಹಾಡು ಯಾಕೆ ಗುರುಮಲ್ಲಪ್ಪನವರೇ, ಬೇರೆ ಏನೂ ಬರಲ್ವೇ ನಿಮಗೆ?" ಎಂದು ಒಮ್ಮೆ ಕೇಳಿದ್ದೆ. ಈಗ ಬರೆಯಲೂ ನಾಚಿಕೆಯಾಗುವಷ್ಟು ಸಲೀಸಾಗಿ ಕೇಳಿದ್ದೆ.

ಅವರು ನಕ್ಕರು. "ಬರದೇ ಏನು. ಆದ್ರೆ ನೋಡಿ ಮೇಷ್ಟ್ರೇ, ನಮ್ಮಪ್ಪ ಮಠದ ಪಲ್ಲಕ್ಕಿ ಮುಂದೆ ಡೋಲು ಬಾರಿಸ್ತಿದ್ದೋರು. ವರ್ಷಾ ವರ್ಷಾ ಒಂದೇ ಬಡಿತ. ಬೀದಿ ಮೂಲೇಲಿ ಆ ಬಡಿತ ಕೇಳಿದ್ರೆ ಸಾಕು, ಒಲೆ ಮುಂದಿದ್ದೋರೂ ಎದ್ದು ಬಾಗಿಲಿಗೆ ಬಂದ್ಬುಡೋರು. ಹೊಸ ಬಡಿತ ಬಾರಿಸಿದ್ರೆ ಯಾರೋ ಹೋಗ್ತಾವ್ರೆ ಅಂತ ಒಳಗೇ ಇರ್ತಿದ್ರು. ಗೊತ್ತಿರೋದನ್ನ ಗೊತ್ತಾಗದಂಗೆ ಕೊಡ್ಬೇಕು, ಆಮೇಲೆ ಅವರೇ ಹುಡುಕ್ಕೊಳ್ಳಂಗೆ ಬುಡ್ಬೇಕು. ಅಷ್ಟೇ ಕಣ್ರೀ."

ನನಗದು ಕೈಲಾಗದವರ ಸಮಜಾಯಿಷಿಯಂತೆ ಕೇಳಿಸಿತು. ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹತ್ತನೆಯ ತರಗತಿಗೆ ಲಂಬಕೋನ ತ್ರಿಭುಜದ ಪ್ರಮೇಯವನ್ನು ನಾನು ಪ್ರತಿವರ್ಷ ಅದೇ ಏಣಿ, ಅದೇ ಗೋಡೆ, ಅದೇ ಜೋಕಿನೊಂದಿಗೆ ಪಾಠ ಮಾಡುತ್ತಿದ್ದೆ. ಏಣಿಯಿಂದ ಬೀಳುವ ಸುಣ್ಣದವನ ಜೋಕು. ಹಿಂದಿನ ವರ್ಷದ ಮಕ್ಕಳು ಕಿಟಕಿಯ ಹೊರಗೆ ಹಾದುಹೋಗುತ್ತ ನನಗಿಂತ ಮುಂಚೆ ಅದನ್ನು ಹೇಳಿ ಓಡುತ್ತಿದ್ದರು. ಅಂಥ ನಾನು ಗುರುಮಲ್ಲಪ್ಪನವರ ಬಂಡವಾಳ ಮುಗಿದಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ.

ದಸರೆಗೆ ಮುಂಚೆ ಶಾಲೆಗಳ ಬ್ಯಾಂಡ್ ಸ್ಪರ್ಧೆ ನಡೆಯುತ್ತಿತ್ತು. ಒಂದು ವರ್ಷ ನಮಗೆ ಎರಡನೆಯ ಸ್ಥಾನ ಬಂತು. ತೀರ್ಪುಗಾರರೊಬ್ಬರು ಅಂಕಪಟ್ಟಿಯ ಅಂಚಿನಲ್ಲಿ "ಮತ್ತೆ ಹಳೆಯ ಧಾಟಿ" ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಆ ಮೂರು ಪದ ನನಗೆ ಸಾಕಾಯಿತು. ಮುಂದಿನ ವರ್ಷ ಪೂರ್ತಿ ಹೊಸದೇ ಆಗಬೇಕೆಂದು ಹೆಡ್‌ಮಿಸ್ಸಿನ ಹತ್ತಿರ ಪಟ್ಟು ಹಿಡಿದೆ. ಅವರು ಶಿಸ್ತಿನವರು, ಮೊದಲ ಸ್ಥಾನದ ಕಪ್ಪಿಗಾಗಿ ಗಾಜಿನ ಬೀರುವಿನಲ್ಲಿ ಜಾಗ ಬಿಟ್ಟುಕೊಂಡು ಕೂತವರು. "ಮಾಸ್ಟರ್ ಒಪ್ತಾರಾ?" ಎಂದರು. "ಒಪ್ಪಿದಾರೆ ಮೇಡಂ" ಎಂದೆ. ಇನ್ನೂ ಕೇಳಿಯೇ ಇರಲಿಲ್ಲ.

ಹೊಸ ಧಾಟಿ ಎಲ್ಲಿಂದ ತಂದೆ ಎಂದು ಕೇಳುತ್ತೀರಿ. ನಾನೇ ಕಟ್ಟಿದೆ. ತಂಗಿಯ ಹಳೆಯ ಹಾರ್ಮೋನಿಯಮ್ಮಿನ ಮೇಲೆ ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಒಂದು ಸಾಲು ಮಾಡಿದೆ. ಗಣಿತದವನಲ್ಲವೇ, ಎಲ್ಲರಂತೆ ಎಂಟು ಪೆಟ್ಟಿನ ಸಾಲು ಮಾಡಿದರೆ ಹೆಚ್ಚುಗಾರಿಕೆ ಏನು ಬಂತು? ಏಳು ಪೆಟ್ಟಿನದು ಮಾಡಿದೆ. ನಾನೇ ಮಾಡಿದ್ದೆಂದು ಗುರುಮಲ್ಲಪ್ಪನವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಕಪ್ಪು ಬಂದ ದಿನ ವೇದಿಕೆಯ ಮೇಲೆ ಹೇಳಬೇಕೆಂದು, ಹೇಳುವಾಗ ಸ್ವಲ್ಪ ಸಂಕೋಚಪಟ್ಟಂತೆ ನಟಿಸಬೇಕೆಂದು ಮನಸ್ಸಿನಲ್ಲೇ ಅಭ್ಯಾಸವನ್ನೂ ಮಾಡಿಕೊಂಡಿದ್ದೆ.

ಗುರುಮಲ್ಲಪ್ಪನವರು ಧಾಟಿಯನ್ನು ಎರಡು ಸಲ ಕೊಳಲಿನಲ್ಲಿ ನುಡಿಸಿ ನೋಡಿದರು. "ಚೆನ್ನಾಗದೆ ಮೇಷ್ಟ್ರೇ. ಸತ್ಯವಾಗ್ಲೂ ಚೆನ್ನಾಗದೆ. ಆದ್ರೆ ಏಳು ಹೆಜ್ಜೇಗೆ ಸಾಲು ಮುಗೀತದೆ. ಎರಡು ಕಾಲಿರೋ ಮಕ್ಳು ಇದಕ್ಕೆ ಎಂಗೆ ನಡೀತಾರೆ? ಒಂದು ಸಾಲು ಎಡಗಾಲಲ್ಲಿ ಶುರುವಾದ್ರೆ ಇನ್ನೊಂದು ಬಲಗಾಲಲ್ಲಿ ಶುರುವಾಯ್ತದೆ. ಕೊನೇಲಿ ಒಂದು ಪೆಟ್ಟು ಸೇರಿಸ್ಕೊಳ್ಳೋಣ ಬುಡಿ."

"ಎರಡು ಸಾಲು ಕೂಡಿದರೆ ಹದಿನಾಲ್ಕಲ್ಲವೇ? ಹದಿನಾಲ್ಕು ಸಮಸಂಖ್ಯೆ. ಹದಿನಾಲ್ಕಕ್ಕೆ ತಿರುಗಿದರೆ ಲೆಕ್ಕ ಸರಿಹೋಗುತ್ತದೆ. ಆ ಏಳೇ ಇದರ ವಿಶೇಷ" ಎಂದೆ.

ಅವರು ಕೊಳಲು ಒರೆಸಿಕೊಂಡರು. "ಲೆಕ್ಕ ಸರಿಯಾಗೇ ಅದೆ" ಎಂದು ಹೇಳಿ ಕಲಿಸಲು ಹೋದರು. ಉಸ್ತುವಾರಿ ನನ್ನದಾದ್ದರಿಂದ ಅವರು ಬೇರೇನೂ ಹೇಳುವಂತಿರಲಿಲ್ಲ.

ಎರಡು ತಿಂಗಳು ಅವರು ಮಕ್ಕಳ ಮುಂದೆ ಹಿಂದು ಹಿಂದಕ್ಕೆ ನಡೆಯುತ್ತ, ಕೋಲು ಎತ್ತಿ, "ಏಳು… ಹದಿನಾಲ್ಕು, ತಿರುಗು" ಎಂದು ಕೂಗಿ ಕೂಗಿ ಕಲಿಸಿದರು. ಗಂಟಲು ಕಟ್ಟಿಕೊಂಡು ಕಷಾಯ ಕುಡಿಯುತ್ತ ಕಲಿಸಿದರು. ಕೊನೆಕೊನೆಗೆ ಚೆನ್ನಾಗಿಯೇ ಬರತೊಡಗಿತು. ನಾನು ಮೈದಾನದ ಅಂಚಿನಲ್ಲಿ ಕೈಕಟ್ಟಿ ನಿಂತು ವಾಗ್ಗೇಯಕಾರನ ಮುಖ ಮಾಡಿಕೊಳ್ಳುತ್ತಿದ್ದೆ.

ಸ್ಪರ್ಧೆಯ ದಿನ ಬೆಳಗ್ಗೆ ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ನಿಯಮದಂತೆ ಮಕ್ಕಳು ಮಾತ್ರ ಕಣದೊಳಗೆ, ಮಾಸ್ಟರುಗಳೆಲ್ಲ ಹಗ್ಗದ ಹೊರಗೆ. ಈ ನಿಯಮ ಎಲ್ಲ ವರ್ಷವೂ ಇತ್ತು. ಆದರೆ ಆ ವರ್ಷವೇ ಅದರ ಅರ್ಥ ನನಗೆ ತಿಳಿದದ್ದು. ಮೊದಲ ಸಾಲು ಚೆನ್ನಾಗಿ ಬಂತು. ನೋಡಲು ಬಂದ ನಮ್ಮ ಒಂಟಿಕೊಪ್ಪಲಿನವರು ಕತ್ತು ಉದ್ದ ಮಾಡಿಕೊಂಡು ತಮ್ಮ ಹಾಡಿನ ತುಣುಕಿಗಾಗಿ ಕಾದರು, ಸಿಗಲಿಲ್ಲ, ಕತ್ತು ಇಳಿಸಿಕೊಂಡು ಕೊಡೆ ಬಿಡಿಸಿಕೊಂಡರು. ಆಮೇಲೆ ನಡುವಿನ ತಿರುವು ಬಂತು. ಮುಂದಿನ ಎರಡು ಸಾಲಿನ ಮಕ್ಕಳು ಏಳಕ್ಕೇ ತಿರುಗಿದರು. ಹಿಂದಿನವರು ಹದಿನಾಲ್ಕಕ್ಕೆಂದು ನೇರ ನಡೆದರು. ಕೊಳಲಿನವರು ಹೋಗಿ ತಾಳದವರ ಮಧ್ಯೆ ಸಿಕ್ಕಿಕೊಂಡರು, ಒಬ್ಬನ ಟೋಪಿ ಬಿತ್ತು, ಅದರ ಮೇಲೆ ಇನ್ನೊಬ್ಬ ಕಾಲಿಟ್ಟ. ಒಂದೊಂದೇ ವಾದ್ಯ ನಿಂತು ಕೊನೆಗೆ ಎಲ್ಲವೂ ನಿಂತುಹೋಯಿತು. ಮೂವತ್ತೆರಡು ಮಕ್ಕಳು ಜನರ ಮುಂದೆ ಬಿಸಿಲಲ್ಲಿ ಎತ್ತೆತ್ತಲೋ ಮುಖ ಮಾಡಿ ನಿಂತರು. ಪಕ್ಕದಲ್ಲಿ ಗುರುಮಲ್ಲಪ್ಪನವರು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಆಗ ದೊಡ್ಡ ಡ್ರಮ್ಮು ಒಂದೇ ಶುರುವಾಯಿತು. ಅದನ್ನು ಹೊತ್ತಿದ್ದವಳು ಒಂಬತ್ತನೆಯ ತರಗತಿಯ ಮಂಜುಳಾ, ತರಕಾರಿ ಅಂಗಡಿಯವರ ಮಗಳು. ಅವಳು ಬಾರಿಸಿದ್ದು ನನ್ನ ಏಳನ್ನಲ್ಲ. ಸಂಜೆಯ ಹಾಡಿನ ಪೆಟ್ಟನ್ನು. ಸೈಡ್ ಡ್ರಮ್ಮಿನವರು ಒಬ್ಬೊಬ್ಬರಾಗಿ ಕೂಡಿಕೊಂಡರು. ಮಕ್ಕಳ ತುಟಿ ಅಲ್ಲಾಡುವುದು ಹಗ್ಗದ ಈಚೆಯಿಂದಲೇ ಕಾಣುತ್ತಿತ್ತು. "ಗೂಡಿಗೆ" ಬಂದಾಗ ಮೂವತ್ತೆರಡು ಜನವೂ ಎಡಕ್ಕೆ ತಿರುಗಿದರು. "ಹೆಗಲಿಗೆ" ಬಂದಾಗ ಕೋಲುಗಳು ಒಟ್ಟಿಗೆ ಮೇಲೆದ್ದವು. "ಚಿಲಕವ" ಎಂಬಲ್ಲಿ ಎರಡು ಗುಂಪೂ ಎದುರುಬದುರು ನಡೆದುಬಂದು ಒಂದೇ ಸಾಲಾಗಿ ಕೂಡಿಕೊಂಡವು. ಯಾವತ್ತೋ ಹಳೆಯ ವರ್ಷಗಳಲ್ಲಿ ಕಲಿತ ನಡೆ, ಅವರ ಕಾಲಿನಲ್ಲಿ ಹಾಗೇ ಉಳಿದಿತ್ತು. ಕೊಡೆ ಬಿಡಿಸಿದ್ದವರೆಲ್ಲ ಕೊಡೆ ಮಡಿಸಿ ಎದ್ದು ಹಾಡಿದರು.

ಮುಗಿದ ಮೇಲೆ ಮಂಜುಳಾ ಡ್ರಮ್ಮಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. "ನಾವು ಯಾವತ್ತೂ ಎಣಿಸ್ತಾನೇ ಇರ್ಲಿಲ್ಲ ಸಾರ್. ಒಳಗೊಳಗೇ ಹಾಡ್ಕೋತಿದ್ವಿ. ಈ ಸಲ ಹಾಡಿಗೆ ಮಾತೇ ಇರ್ಲಿಲ್ವಲ್ಲ ಸಾರ್" ಎಂದಳು. ಇಷ್ಟು ವರ್ಷ ಉಸ್ತುವಾರಿ ನೋಡಿಕೊಂಡ ನನಗೆ ಗೊತ್ತಿರದ ಸಂಗತಿ ಇದು. ಹಳೆಯ ಧಾಟಿ ಜನರ ಕಿವಿಗೆ ಮಾತ್ರ ಎಂದುಕೊಂಡಿದ್ದೆ. ಮಕ್ಕಳ ಕಾಲಿಗೂ ಅದೇ ದಾರಿ ತೋರಿಸುತ್ತಿತ್ತು.

ಮೊದಲೇ ಬರೆದುಕೊಟ್ಟ ಪಟ್ಟಿಯಲ್ಲಿಲ್ಲದ ಧಾಟಿ ನುಡಿಸಿದ್ದಕ್ಕೆ ನಮಗೆ ಕೊನೆಯ ಸ್ಥಾನ ಬಂತು. ಮಾರನೆಯ ದಿನ ಹೆಡ್‌ಮಿಸ್ಸು ನಮ್ಮಿಬ್ಬರನ್ನೂ ಕೊಠಡಿಗೆ ಕರೆಸಿದರು. "ನಡೆಯೋ ಮಕ್ಕಳಿಗೆ ಏಳು ಪೆಟ್ಟಿನ ಧಾಟಿ! ಯಾರ ತಲೇಲಿ ಹುಟ್ಟಿದ್ದು ಇದು?" ಎಂದು ಕೇಳಿದರು.

ನಾನು ಬಾಯಿ ತೆರೆಯಬೇಕೆಂದೇ ಇದ್ದೆ. ನಿಜವಾಗಿ ಇದ್ದೆ. ಒಳ್ಳೆಯ ಮಾತಿನಲ್ಲಿ ಹೇಗೆ ಶುರುಮಾಡಲಿ ಎಂದು ಯೋಚಿಸುತ್ತಿದ್ದಾಗ ಗುರುಮಲ್ಲಪ್ಪನವರು, "ನಂದೇ ತಪ್ಪು ಮೇಡಂ. ಕಲಿಸ್ದೋನು ನಾನು. ವಯಸ್ಸಾಯ್ತು ನೋಡಿ, ಲೆಕ್ಕ ತಪ್ತು" ಎಂದುಬಿಟ್ಟರು. ಹೆಡ್‌ಮಿಸ್ಸು ನನ್ನ ಕಡೆ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಅದು ಇನ್ನೂ ನೆನಪಿದೆಯೆಂದರೆ ನಾನು ಎಷ್ಟು ಹೊತ್ತು ಅದನ್ನೇ ನೋಡಿರಬೇಕು, ನೀವೇ ಯೋಚಿಸಿ.

ಆ ದಸರಾ ರಜೆಯ ನಂತರ ಅವರು ಬರುವುದು ಬೇಡವೆಂದು ಶಾಲೆಯವರು ಹೇಳಿದರು. ಕೊನೆಯ ದಿನ ಅವರು ಬ್ಯಾಂಡ್ ಕೋಣೆಯ ಬೀಗದ ಕೈಯನ್ನು ನನ್ನ ಕೈಗಿಟ್ಟು, "ಬ್ಯೂಗಲ್ ಕಪ್ಪಾಗದಂಗೆ ನೋಡ್ಕೊಳ್ಳಿ ಮೇಷ್ಟ್ರೇ" ಎಂದು ಸೈಕಲ್ ಹತ್ತಿದರು. ಅಷ್ಟೇ. ಒಂದು ಬೈಗುಳವಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ರಾಜೀವನಗರ ಎಷ್ಟು ದೂರ ಮಹಾ! ಹೋಗಿ ಹೇಳಿಬರಬಹುದಿತ್ತು. ಈ ಭಾನುವಾರ, ಮುಂದಿನ ಭಾನುವಾರ ಎನ್ನುತ್ತ ವರ್ಷಗಳು ಕಳೆದವು. ಹೇಡಿತನಕ್ಕೂ ಒಂದು ದಿನಚರಿ ಬಂದುಬಿಡುತ್ತದೆ, ಆಮೇಲೆ ಅದು ಕಾಣಿಸುವುದೇ ಇಲ್ಲ.

ಶತಮಾನ ಬದಲಾಯಿತು, ನನ್ನ ಕನ್ನಡಕದ ನಂಬರೂ ಬದಲಾಯಿತು. ಎರಡು ತಿಂಗಳ ಹಿಂದೆ ನಾವು ಹೂಟಗಳ್ಳಿಯಲ್ಲಿ ಕಟ್ಟಿಸಿದ ಮನೆಗೆ ಬಂದೆವು. ಬಂದ ಮೊದಲ ವಾರ, ಸಾಮಾನು ಜೋಡಿಸಲೆಂದು ರಜೆ ಹಾಕಿದ್ದ ಒಂದು ದಿನ, ಬೆಳಗ್ಗೆ ಒಂಬತ್ತೂವರೆಗೆ, ಕಾರ್ಖಾನೆಯ ಸೈರನ್ನು ನಿಂತ ಮೇಲೆ, ಹಿಂದಿನ ಬೀದಿಯ ಶಾಲೆಯಿಂದ ಡ್ರಮ್ಮಿನ ಸದ್ದು ಕೇಳಿತು. ಹಲ್ಲುಜ್ಜುತ್ತಿದ್ದವನು ನಿಂತೆ. ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಧಾಟಿ ಇರಲಿಲ್ಲ, ಬರೀ ಪೆಟ್ಟು. ಆಮೇಲೆ ಕೊಳಲಿನಲ್ಲಿ ಅರ್ಧ ಸಾಲು ಬಂದು ನಿಂತಿತು. ನಾನು ಕತ್ತು ಉದ್ದ ಮಾಡಿದೆ. ಇನ್ನರ್ಧ ಬಂತು. ನನ್ನದೇ ಧಾಟಿ. ಏಳು ಪೆಟ್ಟು ಮುಗಿದ ಜಾಗದಲ್ಲಿ ದೊಡ್ಡ ಡ್ರಮ್ಮಿನ ಒಂದೇ ಒಂದು "ದುಂ". ಎಂಟು. ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಗೇಟು ತೆರೆದು ಹೊರಟವನನ್ನು ಹೆಂಡತಿ ಬಾಯಿ ತೊಳೆಸಿ ಕಳಿಸಿದಳು.

ಮೈದಾನದ ಹೊಂಗೆಮರದ ಕೆಳಗೆ ಕುರ್ಚಿಯ ಮೇಲೆ ಅವರು ಕೂತಿದ್ದರು. ಕೂದಲು ಪೂರ್ತಿ ಬಿಳಿ, ವಿಭೂತಿ ಹಾಗೇ. ಹತ್ತಿರ ಹೋದೊಡನೆ ಗುರುತು ಹಿಡಿದರು. "ಬನ್ನಿ ಮೇಷ್ಟ್ರೇ. ನಿಮ್ಮದನ್ನೇ ಬಾರಿಸ್ತಾವ್ರೆ, ಕೇಳಿಸ್ತಾ?"

"ಇದನ್ನ ಯಾಕೆ ಗುರುಮಲ್ಲಪ್ಪನವರೇ?" ಎಂದೆ.

"ಇನ್ನೇನ್ ಮಾಡ್ಲಿ? ಆ ಸಂಜೆ ಹಾಡು ಈ ಊರ ಮಕ್ಳಿಗೆ ಗೊತ್ತಿಲ್ಲ. ಗೊತ್ತಿಲ್ದಿದ್ರೆ ಹಳೇ ಹಾಡೂ ಹೊಸದೇ. ಅದಕ್ಕೆ ನಿಮ್ಮದನ್ನೇ ತಗೊಂಡೆ, ಒಂದು ಪೆಟ್ಟು ಸೇರಿಸ್ಕೊಂಡೆ. ದಿನಾ ಪ್ರಾರ್ಥನೆ ಮುಗಿಸಿ ಕ್ಲಾಸಿಗೆ ಹೋಗುವಾಗ ಇದೇ. ಎಂಟು ವರ್ಷ ಆಯ್ತು. ಮಕ್ಳೇ ಅದಕ್ಕೆ ಏನೋ ಮಾತೂ ಕಟ್ಕೊಂಡವ್ರೆ, ತಿಂಡಿ ಮೇಲೆ. ಈಗ ಅದೂ ಹಳೇದಾಯ್ತು ನೋಡಿ. ಇನ್ಮೇಲೆ ಅದರಲ್ಲಿ ಏನ್ ಬೇಕಾದ್ರೂ ಮಾಡ್ಬೋದು."

ನಾನು ಅಲ್ಲೇ ನೆಲದ ಮೇಲೆ ಕೂತು ಹೇಳಿದೆ. ಆ ಕೊಠಡಿ, ಆ ಗಡಿಯಾರ, ನಾನು ಸುಮ್ಮನಿದ್ದದ್ದು, ಎಲ್ಲ. ಅವರು, ಹೋಗ್ಲಿ ಬುಡಿ, ಅದೆಲ್ಲ ಯಾಕೀಗ ಎನ್ನುತ್ತಾರೆಂದು ನನಗೊಂದು ಆಸೆಯಿತ್ತು. ಅನ್ನಲಿಲ್ಲ.

"ಅವತ್ತೇ ಹೇಳಿದ್ರೆ ಚೆನ್ನಾಗಿತ್ತು ಮೇಷ್ಟ್ರೇ" ಎಂದರು. "ನೀವು ಬಾಯಿ ಬುಡ್ತೀರಾ ಅಂತ ಬಾಗಿಲ ತನಕ ಕಾಯ್ಕೊಂಡೇ ಹೋದೆ. ಆ ಶಾಲೆ ನಂಗೆ ಬಲು ಇಷ್ಟ ಇತ್ತು."

ಮಕ್ಕಳು ಒಂದು ಸುತ್ತು ಮುಗಿಸಿ ನಿಂತಿದ್ದರು. ಗುರುಮಲ್ಲಪ್ಪನವರು ಕೋಲಿನಿಂದ ಅವರ ಕಡೆ ತೋರಿಸಿ, "ನಂಗೆ ಹೇಳಿದ್ದಾಯ್ತಲ್ಲ. ಈಗ ಅವ್ರಿಗೆ ಹೇಳಿ, ಇದು ಯಾರ ಧಾಟಿ, ಎಂಗೆ ಕೆಡ್ತು ಅಂತ. ಎಂಟು ವರ್ಷದಿಂದ ಕೇಳ್ತಾನೇ ಅವ್ರೆ. ಮಾಡ್ದೋರು ಬಂದು ಹೇಳ್ತಾರೆ ಅಂತ ಹೇಳ್ಕೊಂಡೇ ಬಂದೀವ್ನಿ" ಎಂದರು.

ಹೇಳಿದೆ. ವೇದಿಕೆಯ ಮೇಲೆ ಸಂಕೋಚ ನಟಿಸಬೇಕೆಂದುಕೊಂಡಿದ್ದವನು ಹೊಂಗೆಮರದ ಕೆಳಗೆ ನಿಜವಾದ ಸಂಕೋಚದಲ್ಲಿ ಹೇಳಿದೆ. ಏಳು ಮತ್ತು ಹದಿನಾಲ್ಕರ ಕಥೆ ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಗಡಿಯಾರದ ಕಥೆಗೆ ಯಾರೂ ನಗಲಿಲ್ಲ. ಎಲ್ಲ ಮುಗಿದ ಮೇಲೆ ಗುರುಮಲ್ಲಪ್ಪನವರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟು, "ನನ್ನ ಬೆರಳು ಈಗ ಮಡಚಲ್ಲ. ಶನಿವಾರ ಶನಿವಾರ ಬ್ಯೂಗಲ್ ನಿಮ್ಮದು" ಎಂದರು.

ಹೀಗೆ ಈ ಹುಣಸೆಹಣ್ಣು, ಈ ಕಲ್ಲು, ಈ ವಾಸನೆ. ಮೂರನೆಯ ಬ್ಯೂಗಲ್ಲೂ ಹೊಳೆಯತೊಡಗಿದೆ. ಮೊದಲು ಈ ವಾಸನೆ ಬಂದರೆ ನನಗೆ ಕಾಣುತ್ತಿದ್ದದ್ದು ಗಡಿಯಾರದ ಮುಳ್ಳು. ಈಗ ಅದೂ ಕಾಣುತ್ತದೆ, ಅದರ ಆಚೆಗೆ ಹೊಂಗೆಮರವೂ ಕಾಣುತ್ತದೆ. ಉಜ್ಜುತ್ತ ಉಜ್ಜುತ್ತ ನನಗೇ ತಿಳಿಯದೆ ಗುನುಗುತ್ತಿದ್ದೆನೆಂದು ಕಾಣುತ್ತದೆ. ಹೆಂಡತಿ ಸೌಟು ಹಿಡಿದುಕೊಂಡೇ ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

"ದಿನಾ ಅದನ್ನೇ ಗೊಣಗ್ತೀರಲ್ಲ, ಯಾವ್ದ್ರೀ ಅದು ಹಾಡು? ಚೆನ್ನಾಗಿದೆ."

"ನಂದು ಕಣೇ" ಎಂದು ಹೇಳಿ, ಬೆರಳಿನ ಗೆಣ್ಣಿನಿಂದ ಕಲ್ಲಿನ ಮೇಲೆ ಒಂದು ಸಲ ಬಡಿದು ತೋರಿಸಿದೆ. "ಕೊನೇಲಿ ಬರೋ ಈ ಪೆಟ್ಟೊಂದು ಮಾತ್ರ ನಂದಲ್ಲ."